ನಾಲ್ಕು ಬೆರಳಿನ ಬಲೆ

ಪ್ರೀತಿಯ ಸರ್,

ನೀವು ನನ್ನನ್ನು ಮೊದಲ ಸಲ ಬೈದದ್ದು ಇಲ್ಲಿ ಜಪಾನಿನಲ್ಲಿ, ಕೋಟೋದ ನಿಮ್ಮ ಮನೆಯಲ್ಲಿ, ಯುಗಾದಿಯ ಊಟದ ದಿನ. ಪಕ್ಕದ ಫ್ಲಾಟಿನ ಅಜ್ಜಿಗೆ ನಾನು ಹೋಳಿಗೆ ಮಾಡುವ ಬಗೆ ವಿವರಿಸುತ್ತಿದ್ದೆ. "ಇಷ್ಟ್ ಚೆನ್ನಾಗಿ ಜಪಾನೀಸ್ ಬರುತ್ತೆ, ಬರೀ ಹೋಳಿಗೆ ರೆಸಿಪಿ ಹೇಳ್ತಾ ಕೂತಿದ್ಯಲ್ಲಮ್ಮಾ! ಮಂಡೇಯಿಂದ ನನ್ ಆಫೀಸಿಗೆ ಬಾ," ಎಂದಿರಿ. ಮೀನು ತಿನ್ನದ ಮೈಸೂರಿನ ಗೃಹಿಣಿಯೊಬ್ಬಳು ಯೋಕೋಹಾಮಾದಿಂದ ರೈಲು ಹತ್ತಿ ಮೀನುಗಾರಿಕೆಯ ದುಭಾಷಿಯಾದದ್ದು ಹೀಗೆ.

ನಮ್ಮ ಆಫೀಸು ಮೀನುಗಾರಿಕೆಗೆ ನೆರವಾಗುತ್ತಿದ್ದ ಆಫ್ರಿಕಾದ ಒಂದು ಸರೋವರವನ್ನು ನೀವು "ನಮ್ ಕೆರೆ" ಎನ್ನುತ್ತಿದ್ದಿರಿ. ಎದುರು ದಡ ಕಾಣದಷ್ಟು ದೊಡ್ಡ ಕೆರೆ, ನಡುವೆ ಎರಡು ದೇಶಗಳ ಗಡಿ. ಈ ದಡದವರು ಬಿಟ್ಟ ಮರಿಮೀನನ್ನು ಆ ದಡದವರು ಹಿಡಿಯುತ್ತಿದ್ದರು. "ಒಂದು ಕೆರೆಗೆ ಒಂದೇ ಬಲೆ" ಎಂದು ಎರಡೂ ಸರ್ಕಾರಗಳ ಹಿಂದೆ ಎಷ್ಟು ವರ್ಷ ಅಲೆದಿರಿ ಸರ್? ಬಲೆಯ ಕಣ್ಣಿನೊಳಗೆ ನಾಲ್ಕು ಬೆರಳು ತೂರಿಸಿ ತೋರಿಸುತ್ತಿದ್ದಿರಿ. ಇಷ್ಟು ಜಾಗವಿದ್ದರೆ ಮರಿ ಪಾರಾಗುತ್ತದೆ, ಬೆಳೆದು ಮತ್ತೆ ಬರುತ್ತದೆ. ಒಪ್ಪಂದದ ಕರಡು ಬರೆದವರು ನಿಮ್ಮ ನಾಲ್ಕು ಬೆರಳನ್ನು ಮೂರು ಇಂಚು ಎಂದು ಬರೆದರು.

ಸಹಿಯ ಹಿಂದಿನ ದಿನ, ಅದಕ್ಕೆಂದು ಕೋಬೆಗೆ ಬಂದಿದ್ದ ಎರಡೂ ದೇಶದ ಅಧಿಕಾರಿಗಳನ್ನು ಬಸ್ಸಿನಲ್ಲಿ ಜಪಾನಿನದೇ ಒಂದು ಸರೋವರದ ಹಳ್ಳಿಗೆ ಕರೆದೊಯ್ದೆವು. ಅಲ್ಲಿನ ಮೀನುಗಾರರ ಸಂಘದ ಮುದುಕ, ಓಗಾವಾ ಸಾನ್, ನೆನಪಿದ್ದಾರಾ? ಹೊರಡುವಾಗ ಅವರು ನನ್ನನ್ನು ತಡೆದು ಕೇಳಿದರು: "ಮೂರು ಇಂಚು, ಸರಿ. ಎಲ್ಲಿಂದ ಎಲ್ಲಿಗೆ ಅಳೀತಾರೆ? ಇಲ್ಲಿ ನಾವು ಇಷ್ಟುದ್ದದ ಬಲೇಲಿ ಎಷ್ಟು ಗಂಟು ಅಂತ ಎಣಿಸ್ತೀವಿ." ಬಸ್ಸು ಹೊರಡಲು ನಾಲ್ಕು ನಿಮಿಷವಿತ್ತು. ಡ್ರೈವರ್ ಆಗಲೇ ಗಡಿಯಾರ ನೋಡುತ್ತಿದ್ದ. ಈ ದೇಶದಲ್ಲಿ ಹೊತ್ತು ಮೀರುವುದೆಂದರೆ ದೊಡ್ಡ ತಪ್ಪು. ಮುದುಕರ ಹರಟೆ ಎಂದುಕೊಂಡೆ. "ಏನಂತೆ?" ಎಂದಿರಿ ನೀವು. "ಒಳ್ಳೇದಾಗ್ಲಿ ಅಂತಿದಾರೆ ಸರ್." ನೀವು ಅವರಿಗೆ ಸೊಂಟ ಬಗ್ಗಿಸಿ ನಮಸ್ಕರಿಸಿದಿರಿ. ಅವರು ನನ್ನ ಮುಖವನ್ನೇ ನೋಡುತ್ತ ತಾವೂ ಬಗ್ಗಿದರು. ನಾನು ಆ ಪ್ರಶ್ನೆಯನ್ನು ನಿಮಗೆ ಹೇಳಿದ್ದರೆ ನೀವು ಬಸ್ಸನ್ನೇ ನಿಲ್ಲಿಸುತ್ತಿದ್ದಿರಿ. ಹೇಳಿದ್ದರೆ...

ನೀವು ತೀರಿಹೋದ ಮೇಲೆ, ಮೊದಲ ಜಗಳದ ಪತ್ರ ಬಂದ ದಿನ, ಆ ಪ್ರಶ್ನೆಯ ಅರ್ಥ ನನಗೆ ತಿಳಿಯಿತು. ಪೂರ್ವ ದಡದವರು ಬಲೆಯ ಕಣ್ಣಿನ ಒಂದು ಬದಿಯನ್ನು, ಒಂದು ಗಂಟಿನಿಂದ ಪಕ್ಕದ ಗಂಟಿಗೆ ಅಳೆಯುತ್ತಾರೆ. ಪಶ್ಚಿಮ ದಡದವರು ಕಣ್ಣನ್ನು ಎಳೆದು ಮುಚ್ಚಿ, ಈ ತುದಿಯಿಂದ ಆ ತುದಿಗೆ. ಕಾಗದದ ಮೇಲೆ ಎರಡೂ ಮೂರು ಇಂಚು. ಆದರೆ ಪೂರ್ವದ ಬಲೆಯಲ್ಲಿ ನಾಲ್ಕು ಬೆರಳು ತೂರಿದರೆ ಪಶ್ಚಿಮದ ಬಲೆಯಲ್ಲಿ ಎರಡೇ. ಪೂರ್ವದ ಇವರು ಹೊಟ್ಟೆ ಕಟ್ಟಿ ಬಿಟ್ಟ ಮರಿಗಳನ್ನೆಲ್ಲ ಪಶ್ಚಿಮದ ಅವರು ಯಾವ ಅಳುಕೂ ಇಲ್ಲದೆ ಬಾಚಿದರು. ಮೋಸ ಎಂದರು ಇವರು. ಬರೆದಂತೆಯೇ ನಡೆದಿದ್ದೇವೆ ಎಂದರು ಅವರು. ಇಬ್ಬರದೂ ಸುಳ್ಳಲ್ಲ. ದೋಣಿಗಳನ್ನು ಹಿಡಿದಿಟ್ಟುಕೊಂಡರು, ಸಭೆಗಳು ನಿಂತವು.

ತಪ್ಪು ನನ್ನದು ಎಂದು ಎರಡೂ ಕಡೆಗೆ ಬರೆದೆ. ಪಶ್ಚಿಮದಿಂದ ಉತ್ತರವೇ ಇಲ್ಲ. ಪೂರ್ವದ ಅಧಿಕಾರಿ ವಿಡಿಯೋ ಕಾಲಿನಲ್ಲಿ ಬಹಳ ಮೆತ್ತಗೆ ಹೇಳಿದರು, "ಮೇಡಂ, ಈಗ ಅಳತೆ ಯಾರಿಗೆ ಬೇಕು? ಇನ್ನು ಅವರನ್ನು ಇಲ್ಲಿ ಯಾರೂ ನಂಬುವುದಿಲ್ಲ."

ಕಳೆದ ಭಾನುವಾರ ನಿಮ್ಮ ಮನೆಗೆ ಹೋಗಿದ್ದೆ. ಶಾರದಾ ಆಂಟಿ ನಿಮ್ಮ ಫೋಟೋದ ಕೆಳಗೆ ಆ ಒಪ್ಪಂದದ ಪ್ರತಿಯನ್ನು ಕಟ್ಟು ಹಾಕಿಸಿ ಇಟ್ಟಿದ್ದಾರೆ. ಕಾಫಿ ಕೊಡುತ್ತ, "ಅವ್ರ ಕೆರೆ ಕೆಲ್ಸ ಚೆನ್ನಾಗ್ ನಡೀತಿದೆ ಅಲ್ವೇನೇ?" ಎಂದು ಕೇಳಿದರು.

"ನಡೀತಿದೆ ಆಂಟಿ," ಎಂದೆ. ಇನ್ನೊಮ್ಮೆ ತಪ್ಪಾಗಿ ದಾಟಿಸಿದೆ ಸರ್. ಅವರಿಗೆ ನಿಜ ಹೇಳುವ ಧೈರ್ಯ ನನಗಿಲ್ಲ, ಅದಕ್ಕೇ ನಿಮಗೆ ಹೇಳುತ್ತಿದ್ದೇನೆ.

ಬೆಳಿಗ್ಗೆ ಪೂರ್ವ ದಡದಿಂದ ಒಂದು ಫೋಟೋ ಬಂತು. ಮರಳ ಮೇಲೆ ಹಾಸಿದ ಹೊಸ ಬಲೆ, ಅದರೊಳಗೆ ಕೈಯಿಟ್ಟು ತೋರಿಸುತ್ತಿರುವ ಮೀನುಗಾರ. ಅವರೂ ಬದಲಾಯಿಸಿಬಿಟ್ಟಿದ್ದಾರೆ. ಒಂದು ಕೆರೆಗೆ ಒಂದೇ ಬಲೆ ಎನ್ನುತ್ತಿದ್ದಿರಲ್ಲ ಸರ್, ಕೊನೆಗೂ ಆಯಿತು. ಈಗ ಎರಡೂ ದಡದಲ್ಲಿ ಎರಡೇ ಬೆರಳು.