ಅಗೆಯದ ಬಂಡೆ

ಗೋವಿಂದರಾಜನಗರ, ಬೆಂಗಳೂರು
೨೨-೨-೧೯೮೭, ಭಾನುವಾರ

ಚಿರಂಜೀವಿ ಅಂಜಿನಯ್ಯನಿಗೆ, ನಿನ್ನ ಅಕ್ಕ ಗಂಗಲಕ್ಷ್ಮಮ್ಮನ ಆಶೀರ್ವಾದಗಳು.

ನಾನು ಚೆನ್ನಾಗಿದ್ದೇನೆ. ನೀನು ಚೆನ್ನಾಗಿಲ್ಲ ಎಂದು ಗೊತ್ತಿರುವುದರಿಂದ ಕ್ಷೇಮ ಕೇಳುತ್ತಿಲ್ಲ. ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ಆಫೀಸಿನಲ್ಲಿ ಕೆಲಸ ಜಾಸ್ತಿ, ಮೈಗೆ ಹುಷಾರಿರಲಿಲ್ಲ ಎಂದು ಏನೇನೋ ಬರೆಯಬಹುದು. ನೀನು ನಂಬುವುದಿಲ್ಲ, ನಂಬಲೂ ಬೇಡ. ತಡವಾಯಿತು, ತಪ್ಪು ನನ್ನದೇ. ಮೊದಲೇ ಒಂದು ಮಾತು: ಇದನ್ನು ನೀನೊಬ್ಬನೇ ಓದಿಕೋ. ಅಪ್ಪನ ಎದುರಿಗೆ ಓದಬೇಡ.

"ಅಕ್ಕಾ, ಆ ಬಂಡೆ ವಿಷ್ಯ ನಾನು ಯಾರಿಗೂ ಹೇಳಿಲ್ಲ, ಅಪ್ಪಂಗೆ ನೀನಾದ್ರೂ ಹೇಳು" ಎಂದು ಬರೆದಿದ್ದೀಯ. ಅಪ್ಪ ನಿನ್ನ ಕೈಯಿಂದ ಬೇರು ಅಗೆಯುವ ಹಾರೆ ಕಿತ್ತುಕೊಂಡದ್ದು, ಇನ್ನು ನಿನ್ನನ್ನು ಬೆಟ್ಟಕ್ಕೆ ಕರೆದೊಯ್ಯುವುದಿಲ್ಲ ಎಂದದ್ದು, ನೀನು ಕಲ್ಲು ಕ್ವಾರಿಯ ಕೂಲಿಗೆ ಸೇರಿದ್ದು ಓದಿ ಎರಡು ದಿನ ನನಗೆ ಅನ್ನ ಸೇರಲಿಲ್ಲ. ನಮ್ಮ ಮನೆಯಲ್ಲಿ ಅಪ್ಪ ಮಗನ ಕೈಗೆ ಹಾರೆ ಕೊಟ್ಟರೆ ಬೆಟ್ಟವನ್ನೇ ಕೊಟ್ಟ ಹಾಗೆ. ಅದನ್ನು ವಾಪಸು ತೆಗೆದುಕೊಂಡದ್ದನ್ನು ನಾನಂತೂ ಕೇಳಿರಲಿಲ್ಲ ಕಣೋ.

ಆ ದಿನ ನೀನು ಸಭೆಯಲ್ಲಿ ಇರಲಿಲ್ಲ. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಸಂಕ್ರಾಂತಿ ಕಳೆದ ಮೇಲೆ ನಮ್ಮ ಸಂಸ್ಥೆಯವರು ರಾಜಾಜಿನಗರದ ಒಂದು ಹಾಲಿನಲ್ಲಿ ಸಭೆ ಇಟ್ಟುಕೊಂಡಿದ್ದರು. 'ಕಾಡಿನ ಜನರನ್ನು ಕೇಳಿಯೇ ಕಾಡಿನ ಅಭಿವೃದ್ಧಿ' ಎಂದು ದೊಡ್ಡ ಬ್ಯಾನರು. ನಾನು ಆಫೀಸಿನ ಆಯಾ ತಾನೇ, ಕಾಫಿ ಹಂಚುತ್ತಿದ್ದೆ. ಅಪ್ಪನನ್ನು ಜೀಪಿನಲ್ಲಿ ಕರೆತಂದು, ಶಾಲು ಹೊದಿಸಿ, ನಮ್ಮ ಡೈರೆಕ್ಟರ್ ಚಕ್ರಪಾಣಿ ಸಾರ್ ಪಕ್ಕದಲ್ಲೇ ಕೂರಿಸಿದರು. ನನಗೆ ಆಗಲೇ ಅನುಮಾನ ಬಂತು. ಅಪ್ಪ ಉಪ್ಪಿನಕಾಯಿಗೆ ಮಾಕಳಿ ಬೇರು ಬೇಕೇ ಎಂದು ಬುಟ್ಟಿ ಹೊತ್ತು ಇದೇ ಬೀದಿಗಳಲ್ಲಿ ಕೂಗಿದಾಗ ಗೇಟಿನ ಒಳಕ್ಕೆ ಬಿಡದವರು ಈಗ ಕುರ್ಚಿ ಹಾಕುತ್ತಾರೆಂದರೆ ಸುಮ್ಮಸುಮ್ಮನೆಯೇ? ಕುರಿಗೆ ಹಾರ ಹಾಕುವುದು ಮೆರೆಸುವುದಕ್ಕಲ್ಲ.

ಅಪ್ಪ ಚೆನ್ನಾಗಿಯೇ ಮಾತಾಡಿದ. "ಬೇರ್ನ ಪೂರ್ತಿ ಕೀಳ್ಬಾರ್ದು ಸ್ವಾಮಿ. ನಾಕು ಬೆಳ್ಳು ಕೆಳಿಕ್ಕೆ ಕುಯ್ಕಂಡು, ತಲೇನ ಮಣ್ಣಾಗೇ ಬುಟ್ಟು, ಹಿಮ್ಮಡೀಲಿ ಮೆಟ್ಟಿ ಬರ್ಬೇಕು. ಮೂರು ವರ್ಸ ಆ ಕಡೀಕೆ ತಿರುಗಿ ನೋಡ್ಬಾರ್ದು" ಅಂದ. ಚಪ್ಪಾಳೆಯೋ ಚಪ್ಪಾಳೆ. ನನಗೂ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಲೈಟು ಆರಿಸಿ ಗೋಡೆಯ ಮೇಲೆ ಸ್ಲೈಡು ತೋರಿಸಿದರು. ನಮ್ಮ ಬೆಟ್ಟದ ನಕ್ಷೆ, ಅದರಲ್ಲಿ ಬೇರು ಸಿಗುವ ಜಾಗಕ್ಕೆ ಏಳು ಕೆಂಪು ಚುಕ್ಕೆ. ಏಳನೆಯದು ಅಗೆಯದ ಬಂಡೆಯ ಮೇಲಿತ್ತು.

ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ, ಬೈಯಬೇಡ. ಬರೆದರೆ ನನ್ನ ಎದೆಗೆ ಸ್ವಲ್ಪ ಸಮಾಧಾನ. ತಾತನ ಕಾಲದಿಂದ ಆ ಬಂಡೆಯ ಸಂದಿಗೆ ನಾವು ಹಾರೆ ತಾಗಿಸಿದವರಲ್ಲ. ಅಲ್ಲಿಯ ಮಾಕಳಿ ಬಳ್ಳಿಯ ಕಾಯಿ ಒಡೆದು, ಹತ್ತಿಯಂಥ ಬೀಜ ಗಾಳಿಗೆ ಹಾರಿ, ಉಳಿದ ಆರು ಇಳಿಜಾರಿಗೂ ಬಿತ್ತನೆಯಾಗಬೇಕು. ಆ ಬಂಡೆಯ ದಾರಿಯನ್ನು ಅಪ್ಪ ನಮ್ಮಿಬ್ಬರಿಗೆ ಬಿಟ್ಟು ಇನ್ನೊಬ್ಬರಿಗೆ ತೋರಿಸಿಲ್ಲ.

ಲೈಟು ಹಾಕಿದಾಗ ಅಪ್ಪನ ಶಾಲು ಕುರ್ಚಿಯ ಮೇಲಿತ್ತು, ಅಪ್ಪ ನನ್ನ ಎದುರಿಗಿದ್ದ. "ಗಂಗೀ, ಯಾರವ್ವ ಇವ್ರಿಗೆ ಯೋಳ್ದೋರು? ನಂಗೆ, ನಿಂಗೆ, ಅಂಜಿಗೆ, ಮೂರೇ ಜನುಕ್ಕೆ ಗೊತ್ತಿರಾದು" ಅಂದ. ನಾನು ಲೋಟ ತೊಳೆಯುತ್ತಿದ್ದೆ. ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. "ನೀನು ಪ್ಯಾಟೆ ಸೇರಿ ಹತ್ ವರ್ಸಾಯ್ತು, ನಿಂಗೆ ಆ ದಾರೀನೇ ಮರ್ತೋಗಿರ್ತದೆ. ಅವ್ನೇ ಯೋಳವ್ನೆ" ಎಂದು ಕಾಫಿಯನ್ನೂ ಕುಡಿಯದೆ ಮಾಗಡಿ ಬಸ್ಸು ಹಿಡಿಯಲು ಹೊರಟುಬಿಟ್ಟ.

ವಾರ ಕಳೆಯುವುದರೊಳಗೆ ಶಂಭುಲಿಂಗಪ್ಪನ ಲಾರಿ ನಿಮ್ಮ ಕಡೆ ಬಂದು ಬಂಡೆಯ ಬೇರನ್ನೆಲ್ಲ ತುಂಬಿಕೊಂಡು ಹೋಯಿತು ಎಂದು ಬರೆದಿದ್ದೀಯ. ಆತ ಯಾರು ಗೊತ್ತೇ? ಲಗ್ಗೆರೆಯಲ್ಲಿ ಉಪ್ಪಿನಕಾಯಿ ಕಾರ್ಖಾನೆ ಇಟ್ಟವನು, ನಮ್ಮ ಸಂಸ್ಥೆಯ ಕಮಿಟಿ ಮೆಂಬರು. "ಸಾರ್, ಆ ನಕ್ಷೆ ಅವರ ಕೈಗೆ ಹೆಂಗೆ ಹೋಯ್ತು?" ಎಂದು ಚಕ್ರಪಾಣಿ ಸಾರ್ ಅವರನ್ನೇ ಕೇಳಿದೆ. "ಕಮಿಟಿಯೋರಿಗೆ ರಿಪೋರ್ಟ್ ಕೊಡ್ಲೇಬೇಕಲ್ಲಮ್ಮಾ. ನಿಮ್ಮ ತಂದೆಯೋರೂ ಸಭೇಲಿ ಇದ್ರಲ್ಲ, ಬೇಡ ಅಂದ್ರಾ?" ಎಂದು ನಕ್ಕರು. ಬೆಣ್ಣೆಯಂಥ ಮಾತು, ಅದರಲ್ಲಿ ಕಲ್ಲು ಇರುತ್ತದೆ. ನಕ್ಷೆ ಬರೆದ ಅಂಬುಜಾ ಮೇಡಂ ಆಮೇಲೆ ನನ್ನನ್ನು ಕಂಡರೆ ಫೈಲಿನಲ್ಲಿ ಮುಖ ಹುದುಗಿಸುತ್ತಾರೆ. ಒಂದು ದಿನ ನಾನು ಕೇಳದಿದ್ದರೂ ತಾವಾಗಿಯೇ "ನಾನು ಬರ್ದಿದ್ದೇ ಬೇರೆ ಕಣ್ರೀ, ಸಾರ್ ತಿದ್ದಿದ್ರು" ಅಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗಾಯಿತು.

ಗುಡಿಸುವಾಗ ಬೀರುವಿನಿಂದ ಆ ರಿಪೋರ್ಟು ತೆಗೆದು ಓದಿದೆ. ಹಾಸ್ಟೆಲಿನಲ್ಲಿ ಕಲಿತ ಏಳನೇ ಕ್ಲಾಸಿನ ಕನ್ನಡ ಇದಕ್ಕಾದರೂ ಬಂತು. 'ಏಳನೆಯ ಜಾಗವನ್ನು ಸ್ಥಳೀಯರು ಬಳಸುತ್ತಿಲ್ಲ. ಬೇರು ಹೇರಳವಾಗಿದೆ' ಎಂದು ಟೈಪು ಮಾಡಿದ್ದರು. ಅಷ್ಟೇ. ಅದರ ಕೆಳಗೆ ಅಪ್ಪನ ಫೋಟೊ, ಶಾಲು ಹೊದ್ದು ಕೂತಿರುವುದು.

ಮೊನ್ನೆ ನಮ್ಮ ಮನೆ ಓನರು ಪಂಕಜಮ್ಮ ಬುಟ್ಟಿ ತುಂಬ ಮಾಕಳಿ ಬೇರು ತಂದರು. "ನೋಡೇ ಗಂಗಾ, ಈ ಸಲ ಎಂಥ ಸೋವಿ! ತೊಗಟೆ ಹೆರೆದುಕೊಡು ಬಾ, ಮಜ್ಜಿಗೇಲಿ ಹಾಕ್ಬೇಕು" ಎಂದು ಕರೆದರು. ಕೈಗೆತ್ತಿಕೊಂಡ ಮೊದಲನೇ ಬೇರಿನಲ್ಲೇ ತಲೆ ಹಾಗೇ ಇತ್ತು, ಬಳ್ಳಿಯ ಬುಡ ಸಮೇತ. ಎರಡನೆಯದರಲ್ಲೂ, ಮೂರನೆಯದರಲ್ಲೂ. ಒಂದನ್ನೂ ಮಣ್ಣಿಗೆ ಬಿಟ್ಟಿಲ್ಲ ಪಾಪಿಗಳು. ಆ ವಾಸನೆಗೆ ನನಗೆ ಅಳು ತಡೆಯಲಾಗಲಿಲ್ಲ. "ಈರುಳ್ಳಿ ಅಲ್ವಲ್ಲೇ, ಯಾಕೆ ಅಳ್ತೀಯಾ?" ಅಂದರು. ಖಾರದ ಪುಡಿ ಕಣ್ಣಿಗೆ ಬಿತ್ತು ಎಂದೆ.

ಅಪ್ಪನ ಮೇಲೆ ಕೋಪ ಮಾಡಿಕೊಳ್ಳಬೇಡ. ಎದುರುತ್ತರ ಕೊಡಬೇಡ. ಕ್ವಾರಿಯಲ್ಲಿ ಸಿಡಿಮದ್ದಿನ ಹತ್ತಿರ ಹೋಗಬೇಡ. ಯುಗಾದಿಗೆ ನಾನೇ ಬಂದು ಅಪ್ಪನ ಹತ್ತಿರ ಮಾತಾಡುತ್ತೇನೆ. ಬೆಟ್ಟದ ದೇವರು ನಿನ್ನ ಕೈಗೆ ಮತ್ತೆ ಹಾರೆ ಕೊಡಲಿ, ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ ಅಕ್ಕ,
ಗಂಗಲಕ್ಷ್ಮಮ್ಮ

ವಿ.ಸೂ.: ಕಾಗದ ಮಡಿಸಿ ಅಂಟು ಹಚ್ಚಿ ಮತ್ತೆ ಬಿಚ್ಚಿದ್ದೇನೆ. ಇಷ್ಟುದ್ದ ಎಲ್ಲರ ಮೇಲೂ ಅನುಮಾನ ಬರೆದೆ. ಹೆಗಲು ಮುಟ್ಟಿ ನೋಡಿಕೊಳ್ಳಬೇಕಾದವಳು ನಾನು.

ಹೇಳಿದವಳು ನಾನೇ ಅಂಜಿ. ಹೋದ ಆಷಾಢದಲ್ಲಿ ಒಂದು ಮಧ್ಯಾಹ್ನ ಅಂಬುಜಾ ಮೇಡಂ ತಮ್ಮ ಪಕ್ಕ ಕುರ್ಚಿ ಎಳೆದು "ಕೂತ್ಕೊಳ್ರೀ ಗಂಗಲಕ್ಷ್ಮಮ್ಮ, ಇವತ್ತು ನೀವೇ ನಮ್ಗೆ ಟೀಚರ್ರು" ಅಂದರು. ಎಂಟು ವರ್ಷದಲ್ಲಿ ಆ ಆಫೀಸಿನ ಕುರ್ಚಿಯ ಮೇಲೆ ನಾನು ಕೂತದ್ದು ಅದೊಂದೇ ದಿನ. ಪೆನ್ಸಿಲನ್ನು ನನ್ನ ಕೈಗೇ ಕೊಟ್ಟರು. ಏಳು ಚುಕ್ಕೆಯನ್ನೂ ಇಟ್ಟವಳು ನಾನು. ದಾರಿ ನಾನು ಮರೆತಿರಲಿಲ್ಲ. ಬಂಡೆಯನ್ನು ಯಾಕೆ ಅಗೆಯಬಾರದು ಎನ್ನುವುದನ್ನೂ ಹೇಳಿದೆ, ಬೀಜ ಹಾರುವುದನ್ನೂ ಹೇಳಿದೆ, ಅವರು ಬರೆದುಕೊಂಡದ್ದನ್ನು ಕಣ್ಣಾರೆ ನೋಡಿದೆ. ಟೈಪಾಗಿ ಬರುವಷ್ಟರಲ್ಲಿ ಜಾಗ ಉಳಿಯಿತು, ಕಾರಣ ಉಳಿಯಲಿಲ್ಲ. ಮೇಡಂ ನನಗೆ ಸುಳ್ಳು ಹೇಳಿರಲಿಲ್ಲ. ಆ ದಿನ ಅಪ್ಪ ನನ್ನ ಮುಖ ನೋಡಿದಾಗ ಒಂದು ಮಾತು ಹೇಳಿದ್ದರೆ ನಿನ್ನ ಹಾರೆ ನಿನ್ನ ಹತ್ತಿರ ಇರುತ್ತಿತ್ತು. ನಾನು ಲೋಟ ತೊಳೆಯುತ್ತ ನಿಂತೆ.

ಯುಗಾದಿಗೆ ಬಂದರೂ ಅಪ್ಪನ ಎದುರಿಗೆ ನನಗೆ ಬಾಯಿ ಬರುವುದಿಲ್ಲ. ಅಪ್ಪ ನಿನಗೆ ಹಾರೆ ಕೊಟ್ಟ ದಿನ ಒಂದು ಕಾರ್ಡು ಹಾಕು. ಗಂಗಿ ಈ ಕಡೆ ಬರುವುದು ಬೇಡ ಎಂದು ಅಪ್ಪ ಅಂದರೂ ಹಾಕು.

ಅಪ್ಪನ ಎದುರಿಗೆ ಓದಬೇಡ ಎಂದು ಮೊದಲಿಗೆ ಬರೆದಿದ್ದೆನಲ್ಲ, ಅದನ್ನು ಬಿಟ್ಟುಬಿಡು. ಅಪ್ಪನನ್ನು ಕೂರಿಸಿಕೊಂಡು ಗಟ್ಟಿಯಾಗಿ ಓದು. ಮೇಲಿನದೆಲ್ಲ ಬೇಡ. ನನ್ನ ರುಜುವಿನ ಕೆಳಗಿನಿಂದ ಓದು.