ಹೊಸ ಕೇಬಲ್ಲೂ ಸತ್ತ ತಾಳವೂ

ಭವಾನಿಪುರಂ, ವಿಜಯವಾಡ
೧೬ ನವೆಂಬರ್ ೨೦೨೫, ಭಾನುವಾರ

ಅರ್ಪಿತಾಳ ಅಪ್ಪನವರಿಗೆ ಕಮಲಾಕ್ಷಿಯ ಪ್ರೀತಿಯ ನಮಸ್ಕಾರಗಳು.

ನಿಮ್ಮ ಆರೋಗ್ಯ ಹೇಗಿದೆ? ವಿಶಾಖಪಟ್ಟಣದ ಮೆಸ್ಸಿನ ಖಾರ ಹೊಟ್ಟೆಗೆ ಒಗ್ಗಿತೇ, ಇಲ್ಲ ಇನ್ನೂ ಮಜ್ಜಿಗೆ ಅನ್ನದಲ್ಲೇ ದಿನ ತಳ್ಳುತ್ತಿದ್ದೀರಾ? ಇಲ್ಲಿ ನಾವು ಮೂವರೂ ಚೆನ್ನಾಗಿದ್ದೇವೆ. ಅತ್ತೆಯವರ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಇನ್ನೂ ಜೋರಾಗಿದೆ. ಬ್ಯಾಂಕಿನವರು ನಿಮ್ಮನ್ನು ಅಲ್ಲಿಗೆ ವರ್ಗ ಮಾಡಿ ಎಂಟು ತಿಂಗಳಾಯಿತು. ನಿಮ್ಮ ಆಂಪ್ಲಿಫೈಯರಿನ ಧೂಳನ್ನು ದಿನವೂ ಒರೆಸುತ್ತಿದ್ದೇನೆ, ಮೆತ್ತನೆ ಬಟ್ಟೆಯಲ್ಲೇ, ಬಯ್ಯಬೇಡಿ.

ಈಗ ನೀವು ಒಪ್ಪಿಸಿ ಹೋದ ಕೆಲಸದ ವರದಿ. ದಸರಾಕ್ಕೆ ಬಂದಾಗ ಹಾಡು ಹಾಕಿಕೊಂಡು ಕೂತವರು ಮುಖ ಸಣ್ಣದು ಮಾಡಿಕೊಂಡಿರಿ. ಹಾಡೆಲ್ಲ ಮಂಕಾಗಿದೆ, ದೇವರನಾಮದ ಹಿಂದಿನ ತಾಳವಂತೂ ಸತ್ತೇ ಹೋಗಿದೆ, ಈ ಮನೆಯ ಕರೆಂಟೇ ಸರಿಯಿಲ್ಲ, ಪವರ್ ಕೇಬಲ್ ಬದಲಾಯಿಸದೆ ಗತಿಯಿಲ್ಲ ಎಂದಿರಿ. ಇಪ್ಪತ್ತೈದು ವರ್ಷದಿಂದ ನಿಮಗಿರುವ ಒಂದೇ ಚಟ ಈ ಹಾಡು ಕೇಳುವುದು. ಅದೂ ಕೈಬಿಟ್ಟುಹೋದರೆ ನೀವು ಏನಾಗುತ್ತೀರೋ ಎಂದು ನನಗೇ ಭಯವಾಯಿತು. ಅದಕ್ಕೇ ಗವರ್ನರ್‌ಪೇಟೆಯ ಅಂಗಡಿಯವರು ಮೂರು ಕೇಬಲ್‌ಗಳನ್ನು ಹದಿನೈದು ದಿನ ಮನೆಯಲ್ಲಿಟ್ಟು ನೋಡಿ ಎಂದಾಗ ಆಟೋ ಮಾಡಿಕೊಂಡು ನಾನೇ ಹೋಗಿ ತಂದೆ. ಒಂದೊಂದೂ ನನ್ನ ಮುಂಗೈ ದಪ್ಪ! ಕೊಂಡಪಲ್ಲಿಯ ಆಚೆಯ ವಿದ್ಯುತ್ ಸ್ಥಾವರದಿಂದ ಕರೆಂಟು ಕಾಗೆ ಕೂರುವ ತಂತಿಯ ಮೇಲೆ ಅಷ್ಟು ದೂರ ಬಂದು, ನಮ್ಮ ಗೋಡೆಯಿಂದ ಈಚೆಗಿನ ಒಂದೂವರೆ ಗಜ ಮಾತ್ರ ಚಿನ್ನದ ಪ್ಲಗ್ಗಿನಲ್ಲಿ ರಾಜಮರ್ಯಾದೆಯಿಂದ ಬರಬೇಕಂತೆ. ಇರಲಿ, ಅಂಗಡಿಯಲ್ಲಿ ನಾನು ನಗಲಿಲ್ಲ.

ಹೊಸ ಕೇಬಲ್ ಎರಡು ದಿನ ಸತತವಾಗಿ ಓಡಿದ ಮೇಲೇ ಕಿವಿಗೊಡಬೇಕೆಂದು ನೀವು ಬರೆದುಕೊಟ್ಟಿದ್ದಿರಲ್ಲ, ಮೂರಕ್ಕೂ ಹಾಗೇ ಮಾಡಿದೆ. ಅದೇ ದೇವರನಾಮದ ಸಿಡಿ ಆರು ದಿನ, ರಾತ್ರಿ ಮಾತ್ರ ಸಣ್ಣ ದನಿಯಲ್ಲಿ. ಕಾರ್ತಿಕ ಮಾಸ ಬೇರೆ. ಆರನೆಯ ದಿನ ಬೆಳಗ್ಗೆ ಪಕ್ಕದ ಮನೆಯ ಭ್ರಮರಾಂಬ ರೇಷ್ಮೆ ಸೀರೆ ಉಟ್ಟು, ತಟ್ಟೆಯಲ್ಲಿ ತೆಂಗಿನಕಾಯಿ, ಬಾಳೆಹಣ್ಣು, ಚೆಂಡುಹೂವು ಹಿಡಿದು ಬಾಗಿಲಲ್ಲಿ ನಿಂತಿದ್ದರು. “ಅಖಂಡ ಭಜನ ಪೆಟ್ಟುಕುನಿ ಮಮ್ಮಲ್ನಿ ಪಿಲವಲೇದೇಂಟಂಡೀ?” ಎಂದರು. ಭಜನೆ ಇಟ್ಟುಕೊಂಡು ತಮ್ಮನ್ನು ಕರೆಯಲೇ ಇಲ್ಲವೆಂದು ಆಕೆಗೆ ಬೇಜಾರು. ಇದು ಕರೆಂಟಿನ ವೈರಿಗೆ ನಡೆಯುತ್ತಿರುವ ಸೇವೆ ಎಂದು ನಾನು ಯಾವ ಬಾಯಲ್ಲಿ ಹೇಳಲಿ? ಅಷ್ಟರಲ್ಲಿ ಅತ್ತೆಯವರು ಆಕೆಯನ್ನು ಒಳಗೆ ಕರೆದು, ಕಾಯಿ ಒಡೆಸಿ, ಆಂಪ್ಲಿಫೈಯರಿಗೆ ಮಂಗಳಾರತಿಯನ್ನೂ ಮಾಡಿಸಿಬಿಟ್ಟರು. ಕುಂಕುಮ ಒರೆಸಿದ್ದೇನೆ.

ಬಂದವರನ್ನು ಹಾಗೇ ಕಳಿಸುವುದು ಹೇಗೆ, ಆಕೆಯನ್ನೂ ಪರೀಕ್ಷೆಗೆ ಕೂರಿಸಿಕೊಂಡೆವು. ಅರ್ಪಿತಾ ನನ್ನ ಹಳೆ ಸೀರೆಯೊಂದನ್ನು ಅಡ್ಡ ಕಟ್ಟಿ, ಅದರ ಹಿಂದೆ ಕೂತು, ಯಾವುದು ಯಾವುದೆಂದು ಹೇಳದೆ ಮೂರು ಹೊಸ ಕೇಬಲ್ಲನ್ನೂ ನಮ್ಮ ಹಳೇ ಕರಿ ವೈರನ್ನೂ ಒಂದಾದ ಮೇಲೊಂದು ಹಾಕಿದಳು. ಭ್ರಮರಾಂಬ ಕಣ್ಣುಮುಚ್ಚಿ ಕೈಮುಗಿದು ಕೇಳಿ, ಇದರಷ್ಟು ಚೆನ್ನ ಬೇರೊಂದಿಲ್ಲ ಎಂದು ಆರಿಸಿದ್ದು ಆ ಹಳೇ ಕರಿ ವೈರನ್ನು! ನಿಮ್ಮ ಮಗಳು “ಅಮ್ಮಾ, ನಾಲ್ಕೂ ಸೇಮೇ ಕದಾ” ಎಂದಳು. ನನ್ನ ಕಿವಿಗೂ ಹಾಗೇ ಅನ್ನಿಸಿತು. ಅತ್ತೆಯವರು ಮಾತ್ರ “ತಾಳ ಸತ್ತಿದೆ ಅಂದೋನು ಯಾರೇ? ಗಣಗಣ ಅಂತಿದೆಯಲ್ಲೇ” ಎಂದು ನನ್ನನ್ನೇ ಗದರಿಸಿದರು. ಎಪ್ಪತ್ತೊಂಬತ್ತು ವರ್ಷದ ಕಿವಿ ಅದು. ನಾನು ಹಳೇ ವೈರಿನಲ್ಲೇ ಮತ್ತೆ ಮೂರು ಸಲ ಹಾಕಿಸಿ, ಅಡುಗೆಮನೆಗೆ ಹೋಗಿ ನಿಂತು ಕೇಳಿದೆ. ತಾಳ ಅಲ್ಲಿಗೂ ಚೆನ್ನಾಗಿ ಕೇಳಿಸಿತು. ಹಾಗಾಗಿ ಮೂರೂ ಕೇಬಲ್ಲನ್ನು ನಾಳೆ ವಾಪಸ್ ಕೊಟ್ಟು ಬರುತ್ತೇನೆ.

ಅತ್ತೆಯವರು ನಿಮಗೆ ಆಶೀರ್ವಾದ ಹೇಳಿದ್ದಾರೆ, ತಲೆಗೆ ಎಣ್ಣೆ ಹಚ್ಚಿಕೋ ಎಂದೂ ಹೇಳಿದ್ದಾರೆ. ಅರ್ಪಿತಾ ಮುತ್ತು ಕಳಿಸಿದ್ದಾಳೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ.

ನಿಮ್ಮ ವೈರು ಕಾಯುವವಳು,
ಕಮಲಾಕ್ಷಿ

ಮರೆತಿದ್ದೆ. ಮರೆತದ್ದೇನು, ಧೈರ್ಯ ಸಾಲದೆ ಕೊನೆಗಿಟ್ಟೆ. ಬೇಜಾರು ಮಾಡಿಕೊಳ್ಳಬೇಡಿ, ಮಂದವಾಗಿರುವುದು ನಿಮ್ಮ ಕಿವಿ. ಬರುವ ನಾಲ್ಕನೆಯ ಶನಿವಾರ ಬ್ಯಾಂಕಿಗೆ ರಜೆಯಲ್ಲವೇ, ಅಲ್ಲಿಯೇ ಕಿವಿ ಡಾಕ್ಟರ ಹತ್ತಿರ ಹೆಸರು ಬರೆಸಿದ್ದೇನೆ. ಹಿಂದಿನ ದಿನವೇ ರೈಲಿಗೆ ಬರುತ್ತೇನೆ, ಒಬ್ಬರೇ ಹೋಗಬೇಡಿ. ಇನ್ನೊಂದು ಮಾತು. ದಸರಾದಲ್ಲಿ ನಾನು ಅಡುಗೆಮನೆಯಿಂದ ಎಷ್ಟು ಸಲ ಕರೆದರೂ ನೀವು ತಿರುಗಿ ನೋಡಲಿಲ್ಲ. ಬೇರೆ ಊರು ಸೇರಿದ ಮೇಲೆ ಇವರಿಗೆ ನಾನು ಬೇಡವಾದೆ ಎಂದುಕೊಂಡು, ನೀವು ಹೊರಟ ಮೇಲೆ ಎಷ್ಟೋ ದಿನ ಅತ್ತಿದ್ದೇನೆ. ಫೋನಿನಲ್ಲಿ ಮುಖ ಕೊಟ್ಟು ಮಾತಾಡದಿದ್ದದ್ದೂ ಅದೇ ಸಿಟ್ಟಿಗೆ. ನೀವು ಬೇಕೆಂದು ಸುಮ್ಮನಿದ್ದದ್ದಲ್ಲ, ನಿಮಗೆ ಕೇಳಿಸಿಯೇ ಇರಲಿಲ್ಲ ಎಂದು ಮೊನ್ನೆ ತಿಳಿದಾಗ ಎದೆ ಎಷ್ಟು ಹಗುರವಾಯಿತೆಂದರೆ, ಒಲೆಯ ಮುಂದೆ ಒಬ್ಬಳೇ ನಕ್ಕುಬಿಟ್ಟೆ. ಗಂಡನ ಕಿವಿ ಮಂದವಾಯಿತೆಂದು ಸಂತೋಷಪಟ್ಟ ಹೆಂಡತಿ ಈ ಲೋಕದಲ್ಲಿ ನಾನೊಬ್ಬಳೇ ಇರಬೇಕು.