ಕಣ್ಣಿನ ಪಾಠ ಬಾಕಿ ಇದೆ

ಜನವರಿ ೧೧, ಭಾನುವಾರ

ಗಾಜು ತೊಳೆದು ತೊಳೆದು ಬೆರಳು ಬಿರಿದಿವೆ. ಎಣ್ಣೆ ಹಚ್ಚಿಕೊಂಡೇ ಬರೆಯುತ್ತಿದ್ದೇನೆ. ಹಾಳೆ ತುಂಬ ಕಲೆ. ಇರಲಿ, ಓದುವವರು ಯಾರು.

ಆಮ್ಲಜನಕಕ್ಕೆ ಎರಡು ಕೈ. ಜಲಜನಕಕ್ಕೆ ಒಂದೇ. ಇಬ್ಬರು ಒಂಟಿಕೈಯವರು ಒಬ್ಬ ಎರಡು ಕೈಯವನನ್ನು ಹಿಡಿದುಕೊಂಡರೆ ನೀರು. ಇವತ್ತಿನ ಪಾಠ ಇದು, ಅತ್ತೆ ಹೇಳಿದ್ದು. ಅಂದು ಶಾಲೆಯಲ್ಲಿ ಯಾರಾದರೂ ಹೀಗೆ ಹೇಳಿದ್ದರೆ ಪಾಸಾಗುತ್ತಿದ್ದೆನೋ ಏನೋ.

ಹೈಸ್ಕೂಲಿನಲ್ಲಿ ಜೀವಮಾನವಿಡೀ ವಿಜ್ಞಾನ ಕಲಿಸಿದವರಿಗೆ ಸಿಕ್ಕಿದ್ದು ವಿಜ್ಞಾನದಲ್ಲೇ ಡುಮ್ಕಿ ಹೊಡೆದ ಸೊಸೆ. ಮದುವೆಯಾದ ಹೊಸತರಲ್ಲಿ ನೆಂಟರ ಮುಂದೆ ಅಂದಿದ್ದರು: "ನ್ಯೂಟನ್ ಅಂದ್ರೆ ಕಾಟನ್ ಥರ ಒಂದು ಬಟ್ಟೆ ಅಂದ್ಕೊಂಡಿದಾಳೆ." ಎಲ್ಲರೂ ನಕ್ಕರು. ನಾನೂ ನಕ್ಕೆ. ಅದೇನೆಂದು ನಿಜಕ್ಕೂ ಗೊತ್ತಿರಲಿಲ್ಲ. ಆಮೇಲಿಂದ ನಮ್ಮಿಬ್ಬರ ನಡುವೆ ಬೇಕಾದಷ್ಟೇ ಮಾತು. ಉಪ್ಪು ಕೊಡು. ಬಾಗಿಲು ಹಾಕು.

ಈಗ ಆಸ್ಪತ್ರೆ ಲ್ಯಾಬಿನ ದೊಡ್ಡ ಮೇಡಂ ಹೇಳಿಬಿಟ್ಟಿದ್ದಾರೆ: ಹತ್ತನೇ ಕ್ಲಾಸ್ ಪಾಸಾದರೆ ಗಾಜು ತೊಳೆಯುವುದು ಬಿಡಿಸಿ ಟೆಕ್ನಿಷಿಯನ್ ತರಬೇತಿಗೆ ಹಾಕಿಕೊಳ್ಳುತ್ತಾರಂತೆ. ಉಳಿದಿರುವುದು ಒಂದೇ ವಿಷಯ. ಪರೀಕ್ಷೆ ಕಟ್ಟಿದೆ. ಅತ್ತೆಯನ್ನು ನೇರವಾಗಿ ಕೇಳುವ ಧೈರ್ಯ ಸಾಲದೆ ಇವರ ಕೈಲಿ ಕೇಳಿಸಿದೆ. ಇವರು ಬ್ರೆಡ್ಡಿನ ವ್ಯಾನ್ ಓಡಿಸುವವರು. ತಾಯಿ ಹೆಂಡತಿಯ ನಡುವೆಯೂ ಹಾರ್ನ್ ಒತ್ತದೆ ಓಡಾಡಿ ಅಭ್ಯಾಸ. ಅತ್ತೆ ಅಂದದ್ದು ಇಷ್ಟೇ: "ಬೆಳಿಗ್ಗೆ ಕೂತ್ಕೊಳ್ಳಲಿ. ಸಂಜೆ ನನಗಾಗಲ್ಲ."

ಜನವರಿ ೧೯, ಕೆಲಸಕ್ಕೆ ಹೊರಡುವ ಮುಂಚೆ

ಒತ್ತಡದ ಪಾಠ. ಮೊಂಡು ಚಾಕುವಿನಲ್ಲಿ ಒಂದು ಟೊಮೇಟೊ, ಹರಿತವಾದದ್ದರಲ್ಲಿ ಇನ್ನೊಂದು ನನ್ನ ಕೈಲಿ ಹೆಚ್ಚಿಸಿದರು. ಬಲ ಅದೇ, ಬೀಳುವ ಜಾಗ ಚಿಕ್ಕದಾದರೆ ಒತ್ತಡ ಜಾಸ್ತಿ. "ನಿನ್ನ ಮಾತೂ ಹಾಗೇ. ಚಿಕ್ಕದಾಗಿದ್ದಾಗಲೇ ಚುಚ್ಚೋದು" ಅಂದರು. ಬೈದರೋ ಹೊಗಳಿದರೋ ತಿಳಿಯಲಿಲ್ಲ.

ಅತ್ತೆ ಪುಸ್ತಕ ಮುಟ್ಟುವುದಿಲ್ಲ. ಎಲ್ಲ ಬಾಯಲ್ಲೇ. ಕಿಟಕಿಗೆ ಬೆನ್ನು ಹಾಕಿ ಕೂರುತ್ತಾರೆ. ಇಷ್ಟು ವರ್ಷದ ಮೇಲೂ ಸೂತ್ರವೆಲ್ಲ ನಾಲಿಗೆ ತುದಿಯಲ್ಲಿದೆ. ನನಗೆ ಬೆಳಿಗ್ಗೆ ಓದಿದ್ದು ಮಧ್ಯಾಹ್ನಕ್ಕೆ ಇಲ್ಲ.

ಬೆಳಕು ಸಾಲದು ಎಂದು ಅತ್ತೆ ಅಂದದ್ದಕ್ಕೆ ನಡುಮನೆಯ ಬಲ್ಬ್ ಮತ್ತೆ ಬದಲಾಯಿಸಿದರು ಇವರು. ಹಳೆಯದು ಚೆನ್ನಾಗಿಯೇ ಇತ್ತಪ್ಪ…

ಜನವರಿ ೨೫, ಭಾನುವಾರ

ಏನೋ ಆಯಿತು ಇವತ್ತು. ಬರೆಯಲೋ ಬೇಡವೋ.

ಆಮ್ಲ, ಪ್ರತ್ಯಾಮ್ಲ. ಕಾಗದಕ್ಕೆ ಅರಿಶಿನ ಬಳಿದು ಒಣಗಿಸಿದ್ದೆವು. ಮೊದಲು ನಿಂಬೆರಸ ಬಿಟ್ಟೆ, ಹಳದಿ ಹಳದಿಯೇ ಉಳಿಯಿತು. ಆಮೇಲೆ ಸೋಪಿನ ನೀರು. ಅತ್ತೆ ಪಕ್ಕದಲ್ಲೇ ಕೂತು ಬಗ್ಗಿ ನೋಡಿದರು. "ನೋಡು, ಕೆಂಪಾಯ್ತಾ? ಅರಿಶಿನಕ್ಕೆ ಪ್ರತ್ಯಾಮ್ಲ ಸಿಕ್ಕಿದ ತಕ್ಷಣ ಕೆಂಪು."

ಕೆಂಪಾಗಿರಲಿಲ್ಲ. ಬಟ್ಟಲು ಅದಲು ಬದಲಾಗಿ ನಾನು ಬಿಟ್ಟಿದ್ದು ಬರೀ ನೀರು.

ಹೂಂ ಅಂದೆ. ಅಷ್ಟೇ.

ಜನವರಿ ೨೭, ಸಂಜೆ

ಒಂದು ಸಲ ಕಣ್ಣಿಗೆ ಬಿದ್ದರೆ ಎಲ್ಲವೂ ಕಾಣುತ್ತದೆ. ಅತ್ತೆ ಲೋಟ ಇಡುವ ಮುಂಚೆ ಎಡಗೈಯಲ್ಲಿ ಮೇಜಿನ ಅಂಚು ಮುಟ್ಟಿ ನೋಡುತ್ತಾರೆ. ಫೋನ್ ಬಂದರೆ ಹೆಸರು ನೋಡದೆ ಎತ್ತಿ "ಯಾರು" ಎನ್ನುತ್ತಾರೆ. ಬಿಸಿಲಿಗೆ ಹೋಗುವುದೇ ಬಿಟ್ಟಿದ್ದಾರೆ, ಮಂಡಿ ನೋವು ಎಂದು. ಎದುರುಮನೆಯ ಟೈಲರಮ್ಮ ನಕ್ಕರೂ ಅತ್ತೆ ತಿರುಗಿ ನಗುವುದಿಲ್ಲ. ಟೀಚರಿಗೆ ಜಂಬ ಎಂದು ಬೀದಿಯಲ್ಲಿ ಮಾತು. ನಾನೂ ಹಾಗೇ ಅಂದುಕೊಂಡಿದ್ದೆ.

ಇವರಿಗೆ ಹೇಳಬೇಕು. ಆದರೆ ಖಾತ್ರಿಯಿಲ್ಲದೆ ಹೇಗೆ? ಒಂದು ಸಲದ್ದನ್ನು ನಂಬಬಾರದು, ಪ್ರಯೋಗ ಮತ್ತೆ ಮಾಡಿ ನೋಡಬೇಕು. ಅದನ್ನೂ ಅತ್ತೆಯೇ ಹೇಳಿಕೊಟ್ಟದ್ದು.

ಜನವರಿ ೨೯

ಮಾಡಿ ನೋಡಿದೆ. ಅರಿಶಿನದ ಪ್ರಯೋಗ ಇನ್ನೊಮ್ಮೆ ತೋರಿಸಿ ಎಂದೆ. ಬೇಕೆಂದೇ ಬರೀ ನೀರು ಬಿಟ್ಟೆ. ಕೆಂಪು ಅಂದರು.

"ಅತ್ತೆ, ಇದು ಬರೀ ನೀರು. ಕಾಗದ ಹಳದಿಯೇ ಇದೆ."

ಅತ್ತೆ ಕಾಗದ ತೆಗೆದುಕೊಂಡು ಬೆರಳಿನಿಂದ ಸವರಿದರು, ಬಣ್ಣ ಬೆರಳಿಗೆ ತಿಳಿಯುತ್ತದೆ ಎಂಬಂತೆ.

"ನನ್ನನ್ನೇ ಪರೀಕ್ಷೆ ಮಾಡಿದೆಯಾ?"

ಕಣ್ಣು ತೋರಿಸೋಣ, ನಮ್ಮ ಆಸ್ಪತ್ರೆಯಲ್ಲೇ ಒಳ್ಳೆಯ ಡಾಕ್ಟರ್ ಇದ್ದಾರೆ ಎಂದೆಲ್ಲ ಬಡಬಡಿಸಿದೆ. ಪೊರೆ ಬಂದಿರುವುದು ತಮಗೆ ಎರಡು ವರ್ಷದಿಂದ ಗೊತ್ತು ಅಂದರು. ಅವರ ಅಕ್ಕನಿಗೂ ಬಂದಿತ್ತಂತೆ. ಆ ಕಾಲದ ಆಪರೇಷನ್, ಕೀವಾಗಿ ಆ ಕಣ್ಣು ಪೂರ್ತಿ ಹೋಯಿತಂತೆ. ಎಲ್ಲವನ್ನೂ ಪಾಠ ಹೇಳುವ ಧ್ವನಿಯಲ್ಲೇ ಹೇಳಿದರು. ಕೊನೆಗೆ, "ಅವನಿಗೆ ಹೇಳಬೇಡ." ಎದ್ದು ಹೋದರು. ಬಾಗಿಲ ಚೌಕಟ್ಟು ಮುಟ್ಟಿಕೊಂಡು ಹೋದರು. ನನ್ನ ಮುಂದೆ ಇನ್ನು ನಾಟಕ ಬೇಡವಲ್ಲ.

ಫೆಬ್ರವರಿ ೧೬

ಪಾಠ ಇಲ್ಲ.

ಉಪ್ಪು ಕೊಡು, ಬಾಗಿಲು ಹಾಕು ಕೂಡ ಇಲ್ಲ ಈಗ. ಬೆಳಿಗ್ಗೆ ಒಬ್ಬಳೇ ಪುಸ್ತಕ ಹಿಡಿದು ಕೂರುತ್ತೇನೆ. ವಿದ್ಯುತ್ ಪಾಠ ಮೂರು ಸಲ ಓದಿದೆ. ತಂತಿ ಉದ್ದವಾದರೆ ರೋಧ ಏಕೆ ಹೆಚ್ಚುತ್ತದೆ ಎಂದು ತಲೆಗೆ ಹೋಗುತ್ತಿಲ್ಲ. ಅತ್ತೆ ಕೋಣೆಯೊಳಗೆ ಇದ್ದಾರೆ. ಕೇಳಿದರೆ ಒಂದು ನಿಮಿಷದ ಕೆಲಸ. ಕೇಳುವ ಬಾಯಿ ಇಲ್ಲ.

ಇವರಿಗೆ ಹೇಳಿಲ್ಲ. ಮಾತು ಕೊಟ್ಟಿಲ್ಲ, ಆದರೂ ಹೇಳಿಲ್ಲ. ಏನಾಯ್ತು ನಿಮ್ಮಿಬ್ಬರಿಗೆ ಎಂದು ಒಮ್ಮೆ ಕೇಳಿದರು. ಪರೀಕ್ಷೆಯ ಟೆನ್ಶನ್ ಅಂದೆ. ಯಾರಿಗೆ, ನಿನಗಾ ಅಮ್ಮನಿಗಾ ಅಂದರು. ಇವರು ಕಾಣುವಷ್ಟು ಪೆದ್ದರಲ್ಲ.

ಮೊನ್ನೆ ಸಂಜೆ ಅತ್ತೆ ಒಲೆಯ ಮೇಲಿನ ಹಾಲಿನ ಪಾತ್ರೆ ಎಂದು ಪಕ್ಕದ ಗಾಳಿಯನ್ನು ಹಿಡಿದರು. ನಾನು ನೋಡಿದ್ದು ಅವರಿಗೆ ಗೊತ್ತಾಗಲಿಲ್ಲ. ಅದೇ ಹೆಚ್ಚು ಸಂಕಟ.

ಫೆಬ್ರವರಿ ೨೨, ಭಾನುವಾರ

ಬೆಳಿಗ್ಗೆ ಪಾತ್ರೆ ತೊಳೆಯುತ್ತಿದ್ದೆ. ಅತ್ತೆ ಅಡುಗೆಮನೆಗೆ ಬಂದು ನಿಂತರು. ಕೈಯಲ್ಲಿ ಸೀಮೆಸುಣ್ಣ.

"ಕಣ್ಣಿನ ಪಾಠ ಬಾಕಿ ಇದೆ. ಪರೀಕ್ಷೆಗೆ ಬಂದೇ ಬರುತ್ತೆ."

ನೆಲದ ಮೇಲೆ ಕೂತರು. ಮಂಡಿ ನೋವು ಎಲ್ಲಿ ಹೋಯಿತೋ. ಎದುರಿಗೆ ಕೂತೆ, ಕೈ ಒದ್ದೆಯೇ ಇತ್ತು. ಬೆಳಕು ಪಾಪೆಯಿಂದ ಒಳಗೆ ಬರುತ್ತದೆ, ಲೆನ್ಸ್ ಅದನ್ನು ಬಾಗಿಸಿ ಹಿಂದಿನ ಪರದೆಗೆ ಹಾಕುತ್ತದೆ, ಬಿಂಬ ಬೀಳುವುದು ತಲೆಕೆಳಗಾಗಿ. "ಕಣ್ಣು ತಲೆಕೆಳಗು ಮಾಡುತ್ತೆ, ತಲೆ ಅದನ್ನ ನೆಟ್ಟಗೆ ಮಾಡುತ್ತೆ. ಕೆಲವರ ಮನೆಯಲ್ಲಿ ಸೊಸೆ ಮಾಡೋ ಕೆಲಸ." ನನಗೆ ನಗು ಬಂತು. ಇಷ್ಟು ದಿನದ ಮೇಲೆ.

ಚಿತ್ರ ಬರೆದರು. ಅಷ್ಟು ವರ್ಷ ಬೋರ್ಡಿನ ಮೇಲೆ ಬರೆದ ಕೈ. ದೊಡ್ಡ ವೃತ್ತ ಒಂದೇ ಎಳೆತಕ್ಕೆ ಬಂತು, ದುಂಡಗೆ, ಬಳೆಯ ಹಾಗೆ. ಆಮೇಲೆ ಕೈ ಎತ್ತಿ ಲೆನ್ಸ್ ಬರೆದರು.

"ಸರಿಯಾಗಿ ಬಂತಾ?"

ಲೆನ್ಸ್ ವೃತ್ತದ ಆಚೆ ಬಿದ್ದಿತ್ತು. ಒಂದು ಗೇಣು ಆಚೆ. ಹೂಂ ಅನ್ನುವುದು ಎಷ್ಟು ಸುಲಭವಿತ್ತು.

"ಇಲ್ಲ ಅತ್ತೆ. ಲೆನ್ಸ್ ಹೊರಗೆ ಬಿತ್ತು."

ಅತ್ತೆ ನೆಲದ ಕಡೆ ನೋಡುತ್ತಲೇ ಇದ್ದರು. ನಲ್ಲಿ ತೊಟ್ಟಿಕ್ಕುತ್ತಿತ್ತು. ಕೊನೆಗೆ ಸೀಮೆಸುಣ್ಣ ನನ್ನ ಕೈಗೆ ಕೊಟ್ಟರು.

"ಹಾಗಾದ್ರೆ ಒಳಗೆ ಹಾಕಿಸ್ಬೇಕು. ಯಾವತ್ತು ಹೋಗೋಣ?"

ಮಾರ್ಚ್ ೫

ಡಾಕ್ಟರ್ ಚಿಕ್ಕ ವಯಸ್ಸಿನವರು, ಮಾತು ಮೆದು. ಮೊದಲು ಬಲಗಣ್ಣು ಎಂದರು. ಹಳೆಯ ಲೆನ್ಸ್ ತೆಗೆದು ಹೊಸದು ಕೂರಿಸುತ್ತಾರೆ, ಹೊಲಿಗೆ ಕೂಡ ಇಲ್ಲ, ಅಕ್ಕನ ಕಾಲ ಬೇರೆ ಈ ಕಾಲ ಬೇರೆ. ಅತ್ತೆ ಕೇಳಿದ್ದೆಲ್ಲ ಲೆನ್ಸಿನ ಬಗ್ಗೆ. ಎಷ್ಟು ಪವರ್, ಯಾವ ವಸ್ತು, ಸಂಗಮ ದೂರ ಎಷ್ಟು. ಡಾಕ್ಟರ್ ಬೆವೆತರು. ಅಮ್ಮನ ಬಾಯಿಂದಲೇ ವಿಷಯ ತಿಳಿದ ಇವರು ಹೊರಗೆ ಬೆಂಚಿನ ಮೇಲೆ ಮುಖ ಒರೆಸಿಕೊಳ್ಳುತ್ತಿದ್ದರು. ಎರಡು ವರ್ಷ ಕಣ್ಣೆದುರು ಇದ್ದದ್ದು ನನಗೆ ಕಾಣಲಿಲ್ಲವಲ್ಲ ಎಂದು.

ಸಿಕ್ಕ ದಿನ ಮಾರ್ಚ್ ೨೩.

ಅದು ನನ್ನ ಪರೀಕ್ಷೆಯ ದಿನ. ಬಿಟ್ಟರೆ ಆಪರೇಷನ್ ಎರಡು ತಿಂಗಳು ಮುಂದಕ್ಕೆ ಹೋಗುತ್ತದೆ. ಅಷ್ಟರಲ್ಲಿ ಅತ್ತೆಯ ಧೈರ್ಯವೂ ಹೋಗುತ್ತದೆ, ಗೊತ್ತು ನನಗೆ. ಪರೀಕ್ಷೆ ಮುಂದಿನ ಸಲ ಬರೆಯುತ್ತೇನೆ ಎಂದೆ. ಅತ್ತೆ ಕಾರಿಡಾರಿನಲ್ಲೇ ನಿಂತುಬಿಟ್ಟರು.

"ನೀನು ಹೋಗದಿದ್ರೆ ನಾನೂ ಹೋಗಲ್ಲ. ಇದು ನಿರ್ಧಾರ."

ಮಾರ್ಚ್ ೨೩, ಸಂಜೆ

ಬೆಳಿಗ್ಗೆ ಮೂವರೂ ಒಟ್ಟಿಗೆ ಹೊರಟೆವು, ಬ್ರೆಡ್ಡಿನ ವ್ಯಾನಿನಲ್ಲೇ. ನನ್ನನ್ನು ಶಾಲೆಯ ಗೇಟಿನಲ್ಲಿ ಇಳಿಸಿದರು. ಅತ್ತೆಯ ಕೈ ಹಿಡಿದೆ. ತಣ್ಣಗಿತ್ತು. ನನ್ನದೂ. ಯಾರಿಂದ ಯಾರಿಗೆ ಶಾಖ ಹೋಗಬೇಕು? ಬಿಸಿಯಿಂದ ತಂಪಿಗೆ ತಾನೇ. ಇಬ್ಬರದೂ ತಂಪಾದರೆ ಪುಸ್ತಕದಲ್ಲಿ ಉತ್ತರವಿಲ್ಲ.

ಸುತ್ತ ಎಲ್ಲ ಹದಿನಾರರ ಮಕ್ಕಳು. ನನ್ನನ್ನು ಮೇಲ್ವಿಚಾರಕಿ ಎಂದುಕೊಂಡು ಒಬ್ಬಳು ಎದ್ದು ನಿಂತಳು. ಪ್ರಶ್ನೆಪತ್ರಿಕೆ ತಿರುಗಿಸಿದೆ. ಕಣ್ಣಿನ ಚಿತ್ರ ಬರೆದು ಭಾಗ ಗುರುತಿಸಿ. ನಾಲ್ಕು ಅಂಕ. ವೃತ್ತ ಎಳೆಯುವಾಗ ಆಸ್ಪತ್ರೆಯಲ್ಲಿ ಈಗ ಏನಾಗುತ್ತಿದೆಯೋ ಎಂದು ಎರಡು ಸಲ ಅಳಿಸಿ ಬರೆದೆ. ಲೆನ್ಸ್ ಮಾತ್ರ ಒಳಗೇ ಹಾಕಿದೆ, ಭದ್ರವಾಗಿ.

ವಾರ್ಡಿಗೆ ಓಡಿದೆ. ಅತ್ತೆ ಕಣ್ಣಿಗೆ ಪಟ್ಟಿ ಹಾಕಿಕೊಂಡು ಮಲಗಿದ್ದರು. ನನ್ನ ಹೆಜ್ಜೆ ಗೊತ್ತಾಯಿತು.

"ಕಣ್ಣು ಬಂತಾ?"

ಬಂತು ಅಂದೆ. ಯಾರ ಕಣ್ಣು, ಯಾವ ಕಣ್ಣು ಎಂದು ಇಬ್ಬರೂ ಕೇಳಲಿಲ್ಲ.

ಮಾರ್ಚ್ ೨೪

ಪಟ್ಟಿ ಬಿಚ್ಚಿದರು. ಅತ್ತೆ ಮೊದಲು ತಮ್ಮ ಅಂಗೈ ನೋಡಿಕೊಂಡರು, ಆಮೇಲೆ ಮಗನನ್ನು. "ತೆಳ್ಳಗಾಗಿದ್ದೀಯ." ಆಮೇಲೆ ನನ್ನನ್ನು. ತುಂಬ ಹೊತ್ತು ನೋಡಿದರು. ಕೈ ಹಿಡಿದು ಬೆರಳ ಬಿರುಕುಗಳನ್ನು ಒಂದೊಂದಾಗಿ ನೋಡಿ, ಕೈಯನ್ನು ಮೆಲ್ಲಗೆ ಹಾಸಿಗೆಯ ಮೇಲೆ ಇಟ್ಟರು.

ಮನೆಗೆ ಬಂದ ಮೇಲೆ ಬಾಗಿಲ ಪರದೆ ನೀಲಿ ಎಂದು ಕಂಡುಹಿಡಿದರು. ಬೂದಿ ಬಣ್ಣ ಅಂದುಕೊಂಡಿದ್ದರಂತೆ. ಆಮೇಲೆ ಮೂಲೆಯ ಜೇಡರ ಬಲೆ ಕಂಡಿತು. ಫ್ರಿಜ್ಜಿನ ಮೇಲಿನ ಧೂಳು ಕಂಡಿತು. ಒಲೆಯ ಹಿಂದಿನ ಗೋಡೆ ಕಂಡಿತು. ಇವರು ನನ್ನ ಕಡೆ ನೋಡಿದರು: ನೀನೇ ತಂದುಕೊಂಡಿದ್ದು, ಅನುಭವಿಸು.

ಮೇ ೮

ಪಾಸು. ಐವತ್ತೆಂಟು.

ಅತ್ತೆ ಪ್ರಶ್ನೆಪತ್ರಿಕೆಯನ್ನು ಹೊಸ ಕಣ್ಣಲ್ಲಿ ತಾವೇ ಓದಿ, ಒಂದೊಂದೂ ಕೇಳಿ, ಆಗಲೇ ಐವತ್ತೊಂದು ಹಾಕಿಟ್ಟಿದ್ದರು. "ಪೇಪರ್ ನೋಡಿದವರು ಧಾರಾಳಿಗಳು" ಅಂದರು. ಆದರೆ ಸಂಜೆ ತಾವೇ ಎದುರುಮನೆಗೆ ಹೋಗಿ ಟೈಲರಮ್ಮನಿಗೆ ಹೇಳಿದ್ದು ಐವತ್ತೆಂಟು. ಕಿಟಕಿಯಿಂದ ಕೇಳಿಸಿತು.

ಜೂನ್ ೧೪, ಭಾನುವಾರ

ತರಬೇತಿ ಶುರುವಾಗಿ ಹದಿನೈದು ದಿನ. ಮೈಕ್ರೋಸ್ಕೋಪಿನಲ್ಲಿ ರಕ್ತದ ಕಣ ನೋಡಿದ್ದನ್ನು ಊಟಕ್ಕೆ ಕೂತಾಗ ಹೇಳುತ್ತಿದ್ದೆ. ಅತ್ತೆ ತಟ್ಟೆಯಲ್ಲಿ ಕೈ ಆಡಿಸುತ್ತಾ, ತಾವು ಜೀವಕೋಶವನ್ನು ಕಂಡೇ ಇಲ್ಲ ಎಂದರು.

ತಮಾಷೆ ಅಂದುಕೊಂಡೆ. ಅಲ್ಲ. ಕಾಲೇಜಿನಲ್ಲಿ ಇಡೀ ತರಗತಿಗೆ ಒಂದೇ ಮೈಕ್ರೋಸ್ಕೋಪ್, ಉದ್ದ ಸಾಲು. ಅತ್ತೆಯ ಸರದಿಯಲ್ಲಿ ಕಂಡದ್ದು ಕಪ್ಪು ಗೆರೆಗಳು. ಕಂಡಿತು ಎಂದು ಹೇಳಿ ಎದ್ದರು, ಹಿಂದಿನವರು ತಳ್ಳುತ್ತಿದ್ದರು. ಅದು ತಮ್ಮದೇ ಕಣ್ಣಿನ ರೆಪ್ಪೆಗೂದಲು ಎಂದು ತಿಳಿದದ್ದು ಆಮೇಲೆ. ಕಲಿಸಿದ ಶಾಲೆಯಲ್ಲಿ ಮೈಕ್ರೋಸ್ಕೋಪ್ ಇತ್ತು, ಗಾಜು ಒಡೆದಿತ್ತು. ಚಿತ್ರ ನೋಡಿ ಚಿತ್ರ ಬರೆಸಿದರು, ಅಷ್ಟೂ ವರ್ಷ.

ಇವರು ನಕ್ಕರು. ಅತ್ತೆಯೂ ನಕ್ಕರು. ನಾನು ತಟ್ಟೆ ಎತ್ತಿಕೊಂಡು ಎದ್ದೆ.

ಜೂನ್ ೨೧, ಭಾನುವಾರ

ದೊಡ್ಡ ಮೇಡಂ ಒಪ್ಪಿದರು. ಭಾನುವಾರ ಲ್ಯಾಬಿನ ಹಿಂದಿನ ಕೋಣೆ ಖಾಲಿ. ಅತ್ತೆಯನ್ನು ಕರೆದುಕೊಂಡು ಹೋದೆ. ಈರುಳ್ಳಿಯ ಒಳಪೊರೆಯನ್ನು ಅತ್ತೆಯೇ ಸುಲಿದರು, ಒಂದು ಹನಿ ಅಯೋಡಿನ್ ನಾನು ಬಿಟ್ಟೆ. ಬೆಳಕು ಸರಿಮಾಡಿ ಜಾಗ ಬಿಟ್ಟುಕೊಟ್ಟೆ.

ಸ್ಟೂಲಿನ ಮೇಲೆ ಕೂತು ಬಲಗಣ್ಣು ಇಟ್ಟರು. ರೆಪ್ಪೆ ಕಾಣ್ತಿದೆಯಾ ಅತ್ತೆ ಎಂದೆ. ಸುಮ್ಮನಿರು ಎಂದು ಕೈಸನ್ನೆ. ಫೋಕಸ್ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದರು. ಇನ್ನಷ್ಟು. ಆಮೇಲೆ ಕೈ ನಿಂತುಹೋಯಿತು. ಎಷ್ಟು ಹೊತ್ತು ಕೂತಿದ್ದರೋ. ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಶಾಲೆಯ ಹುಡುಗಿಯ ಬೆನ್ನಿನ ಹಾಗೆ ನೆಟ್ಟಗಿತ್ತು.

ಬಸ್ಸಿನಲ್ಲಿ ನಮ್ಮ ಸ್ಟಾಪ್ ಹತ್ತಿರ ಬಂದಾಗ, ಕಿಟಕಿಯ ಆಚೆ ನೋಡುತ್ತಾ:

"ಇಟ್ಟಿಗೆ ಗೋಡೆ ಥರ ಇರುತ್ತೆ ಅಂತ ಪಾಠ ಮಾಡ್ತಿದ್ದೆ. ಇಟ್ಟಿಗೆ ಒಳಗೆ ಬೆಳಕು ಇರುತ್ತಾ? ಇದರಲ್ಲಿ ಇತ್ತು."

ಈಗ ಅಡುಗೆಮನೆಯಿಂದ ಕರೆಯುತ್ತಿದ್ದಾರೆ. ಟೊಮೇಟೊ ಸಿಪ್ಪೆ ಸುಲಿದಿಟ್ಟಿದ್ದಾರಂತೆ. ಅದರಲ್ಲೂ ಹಾಗೇ ಇರುತ್ತದಾ, ಬಣ್ಣ ಇರುವುದು ಒಳಗಾ ಹೊರಗಾ ಎಂದು ಕೇಳುತ್ತಿದ್ದಾರೆ. ನನ್ನನ್ನು ಕೇಳುತ್ತಿದ್ದಾರೆ. ನನಗೆ ಗೊತ್ತಿಲ್ಲ. ನೋಡಿ ಹೇಳುತ್ತೇನೆ ಅನ್ನಬೇಕು, ಅಥವಾ ಮುಂದಿನ ಭಾನುವಾರ ಇಬ್ಬರೂ —